ಮಗ ಕಲಿತ ಐಟಿಐ ಕೈಹಿಡಿಯಲಿಲ್ಲ, ಮಗಳನ್ನೂ ಅದಕ್ಕೇ ಸೇರಿಸಬೇಕೇ?

ಪ್ರಶ್ನೆ: ನಾವು ಕೋಲಾರ ತಾಲ್ಲೂಕು ವೇಮಗಲ್ ಕಡೆಯವರು. ಎರಡು ಎಕರೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತೇವೆ, ಉಳಿದ ಕಡೆ ಟೊಮೆಟೊ. ಮಗಳು ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಶೇ 68 ಅಂಕ ತೆಗೆದಿದ್ದಾಳೆ. ಐಟಿಐಗೆ ಸೇರಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನನಗೆ ಧೈರ್ಯ ಬರುತ್ತಿಲ್ಲ. ಅವಳ ಅಣ್ಣ ಖಾಸಗಿ ಐಟಿಐ ಒಂದರಲ್ಲಿ ಎರಡು ವರ್ಷ ಫಿಟ್ಟರ್ ಕಲಿತು, ಸರ್ಟಿಫಿಕೇಟನ್ನೂ ಪಡೆದು, ಈಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಪಾರ್ಸೆಲ್ ಹಂಚುತ್ತಿದ್ದಾನೆ. ಕಂಪನಿಯೊಂದರ ಸಂದರ್ಶನದಲ್ಲಿ ವರ್ನಿಯರ್ ಎಂಬ ಸೂಕ್ಷ್ಮ ಅಳತೆಯ ಉಪಕರಣ ಕೊಟ್ಟು ಅಳತೆ ಓದಲು ಹೇಳಿದಾಗ ಅವನಿಗೆ ಬರಲಿಲ್ಲವಂತೆ. ನನ್ನ ಷಡ್ಡಕರು, ಐಟಿಐ ದಡ್ಡರಿಗೆ, ಪಿಯುಸಿ ಸೈನ್ಸ್ ಕೊಡಿಸಿ ಎಂಜಿನಿಯರಿಂಗ್ ಓದಿಸಿ ಎನ್ನುತ್ತಾರೆ. ಊರಿನವರು, ಹದಿನೆಂಟು ತುಂಬುವವರೆಗೆ ಯಾವುದಾದರೂ ಕಾಲೇಜಿಗೆ ಹೋಗಿ ಬರಲಿ, ಆಮೇಲೆ ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿ ಬಸ್ಸು ಊರ ಬಾಗಿಲಿಗೇ ಬರುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗನಿಗೆ ಕೆಲಸ ಸಿಗದಿರಲು ಐಟಿಐ ಎಂಬ ಶಿಕ್ಷಣವೇ ಕಾರಣವೋ, ಅವನು ಕಲಿತ ಜಾಗ ಕಾರಣವೋ ಎಂಬುದು ಒಂದು. ಮಗಳ ಮುಂದಿರುವ ದಾರಿಗಳಲ್ಲಿ ಯಾವುದು ಅವಳನ್ನು ಹೆಚ್ಚು ದೂರ ಕರೆದೊಯ್ಯುತ್ತದೆ ಎಂಬುದು ಇನ್ನೊಂದು. ಸರ್ಕಾರಿ ಐಟಿಐಗಳಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಸೇರಿ ಪ್ರಾಚಾರ್ಯನಾಗಿ ನಿವೃತ್ತನಾದ ನನ್ನ ಅನುಭವದಲ್ಲಿ, ಮೊದಲನೆಯದಕ್ಕೆ ಸರಿಯಾದ ಉತ್ತರ ಕಂಡುಕೊಂಡ ಮನೆಗಳಲ್ಲಿ ಎರಡನೆಯದನ್ನು ಇತ್ಯರ್ಥ ಮಾಡಿಕೊಳ್ಳುವುದು ಅಷ್ಟು ಕಷ್ಟವಾಗಿಲ್ಲ.

ನಿಮ್ಮ ಷಡ್ಡಕರ ಮಾತಿನಿಂದ ಆರಂಭಿಸುತ್ತೇನೆ. ಐಟಿಐ ದಡ್ಡರಿಗೆ ಎಂಬುದು ತಪ್ಪು ಮಾತು, ಆದರೆ ಅದು ಬರೀ ಪ್ರತಿಷ್ಠೆಯಿಂದ ಹುಟ್ಟಿದ ಮಾತಲ್ಲ. 1965ರಲ್ಲಿ ಫಿಲಿಪ್ ಫಾಸ್ಟರ್ ಎಂಬ ಸಂಶೋಧಕರು ಆಫ್ರಿಕಾದ ಘಾನಾ ದೇಶದ ಶಾಲೆಗಳನ್ನು ನೋಡಿ ಒಂದು ವಿಷಯವನ್ನು ಸ್ಪಷ್ಟವಾಗಿ ಬರೆದರು. ಅಲ್ಲಿನ ಆಡಳಿತಗಾರರು, ಜನರಿಗೆ ಕೈಕೆಲಸವೆಂದರೆ ತಾತ್ಸಾರ, ಅದಕ್ಕೇ ಮಕ್ಕಳನ್ನು ಗುಮಾಸ್ತಿಕೆಯ ಓದಿಗೆ ಕಳಿಸುತ್ತಾರೆ ಎಂದು ದೂರುತ್ತಿದ್ದರು. ಫಾಸ್ಟರ್ ಕಂಡದ್ದು ಬೇರೆ. ಒಳ್ಳೆಯ ಸಂಬಳ, ಭದ್ರತೆ ಎರಡೂ ಇದ್ದದ್ದು ಕಚೇರಿ ಕೆಲಸದಲ್ಲಿ, ಆದ್ದರಿಂದ ತಂದೆ ತಾಯಂದಿರ ಲೆಕ್ಕ ಸರಿಯಾಗಿಯೇ ಇತ್ತು. ಸಂಬಳದ ವ್ಯವಸ್ಥೆ ಬದಲಾಗದೆ ಶಾಲೆಯ ಪಾಠ ಮಾತ್ರ ಬದಲಾಯಿಸಿದರೆ ಏನೂ ಆಗದು ಎಂಬುದು ಅವರ ವಾದದ ತಿರುಳು. ನಮ್ಮ ಜಿಲ್ಲೆಗಳಲ್ಲೂ ಒಂದು ತಲೆಮಾರು ಇದೇ ಲೆಕ್ಕ ಹಾಕಿತು. ಅವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ.

ಆದರೆ ಆ ಲೆಕ್ಕ ಈಗ ಹಾಗೆಯೇ ಉಳಿದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಭಾರತದ ಉದ್ಯೋಗ ಸ್ಥಿತಿಯ ಬಗ್ಗೆ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4. ಇದನ್ನು ಓದಿ, ಓದದಿರುವುದೇ ಮೇಲು ಎಂದುಕೊಳ್ಳಬಾರದು. ಕೈಯಲ್ಲಿ ಕಾಸಿಲ್ಲದವನು ಕೆಲಸಕ್ಕಾಗಿ ಕಾಯುತ್ತಾ ಕೂರಲಾರ, ಸಿಕ್ಕ ಕೂಲಿಗೆ ಹೋಗುತ್ತಾನೆ; ಪದವೀಧರನನ್ನು ಮನೆಯವರು ಕೆಲವು ವರ್ಷ ಸಾಕುತ್ತಾರೆ. ಆ ಅಂಕಿ ನಿಜವಾಗಿ ಹೇಳುವುದೇನೆಂದರೆ, ಪದವಿ ಎಂಬ ಹೆಸರು ಮಾತ್ರದಿಂದಲೇ ಕೆಲಸ ಸಿಗುತ್ತಿದ್ದ ಕಾಲ ಹೋಗಿದೆ. ಐಟಿಐ ಸರ್ಟಿಫಿಕೇಟಿನ ಕಥೆಯೂ ಅದೇ, ಮತ್ತು ನಿಮ್ಮ ಮಗನ ವಿಷಯದಲ್ಲಿ ನಡೆದದ್ದೂ ಅದೇ.

ಫಿಟ್ಟರ್ ಕಲಿಯುವ ಹುಡುಗ ಮೊದಲ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ನೋಡಲು ಬಹಳ ಸಣ್ಣದು. ಒಂದು ಕಬ್ಬಿಣದ ಪಟ್ಟಿಯನ್ನು ವೈಸಿಗೆ ಕಚ್ಚಿಸಿ, ಅರದಿಂದ ಉಜ್ಜಿ, ಅಂಚನ್ನು ಸಪಾಟು ಮಾಡಬೇಕು. ಉಜ್ಜಿದ ಮೇಲೆ ಟ್ರೈ ಸ್ಕ್ವೇರ್ ಎಂಬ ಲಂಬಕೋನದ ಅಳತೆಪಟ್ಟಿಯನ್ನು ಅಂಚಿಗೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಾರೆ. ಲೋಹಕ್ಕೂ ಸ್ಕ್ವೇರಿಗೂ ನಡುವೆ ಬೆಳಕಿನ ಗೆರೆ ಕಂಡರೆ ಆ ಕೆಲಸ ಇನ್ನೂ ಮುಗಿದಿಲ್ಲವೆಂದು ಅರ್ಥ. ಒಂದು ಕಡೆ ಗೆರೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ, ಭುಜ ಸೋಲುತ್ತದೆ, ತುಂಡು ಅಳತೆಗಿಂತ ಸಣ್ಣದಾಗಿ ಹಾಳಾಗುತ್ತದೆ, ಹೊಸ ತುಂಡು ತೆಗೆದುಕೊಳ್ಳಬೇಕಾಗುತ್ತದೆ. ಹೀಗೆ ಹಲವು ತುಂಡು ಹಾಳು ಮಾಡಿದ ಮೇಲೆಯೇ ಕೈಗೆ ಹದ ಬರುವುದು. ವರ್ನಿಯರಿನ 0.02 ಮಿಲಿಮೀಟರ್ ಗೆರೆ ಓದುವುದು ಕೂಡ, ನೂರಾರು ಸಲ ತನ್ನದೇ ಕೆಲಸವನ್ನು ಅಳೆದು ನೋಡಿದವನಿಗೆ ಉಸಿರಾಡಿದಷ್ಟು ಸಲೀಸು. ಕರಿಹಲಗೆಯ ಮೇಲಿನ ಚಿತ್ರದಲ್ಲಿ ಮಾತ್ರ ನೋಡಿದವನಿಗೆ ಸಂದರ್ಶನದ ದಿನ ಕೈ ನಡುಗುತ್ತದೆ. ಇದರಲ್ಲಿ ನಿಮ್ಮ ಮಗನ ಬುದ್ಧಿಯ ಕೊರತೆ ಏನೂ ಇಲ್ಲ. ಪಠ್ಯಕ್ರಮದಂತೆ ವರ್ಷಕ್ಕೆ 1,200 ಗಂಟೆ ತರಬೇತಿ, ಅದರಲ್ಲಿ 840 ಗಂಟೆ ಕೈಕೆಲಸವೇ ಆಗಬೇಕು. ಆ ಗಂಟೆಗಳು ಅವನಿಗೆ ಸಿಗಲಿಲ್ಲ.

ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ನೇರವಾಗಿದೆ. ಕೈಕೆಲಸ ಕಲಿಸುವುದು ದುಬಾರಿ. ಇತಿಹಾಸ ಕಲಿಸಲು ಒಂದು ಕೊಠಡಿ, ಒಬ್ಬ ಮೇಷ್ಟ್ರು ಸಾಕು. ವೆಲ್ಡಿಂಗ್ ಕಲಿಸಲು ಪ್ರತಿದಿನ ಎಲೆಕ್ಟ್ರೋಡು, ಲೋಹ, ವಿದ್ಯುತ್ತು ಸುಡಬೇಕು. ದೇಶದ ಸುಮಾರು 15 ಸಾವಿರ ಐಟಿಐಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಖಾಸಗಿಯವು. ಅವುಗಳಲ್ಲಿ ಸರ್ಕಾರಿ ಸಂಸ್ಥೆಗಳನ್ನು ನಾಚಿಸುವಷ್ಟು ಚೆನ್ನಾಗಿ ನಡೆಯುವವೂ ಇವೆ. ಆದರೆ ಶುಲ್ಕ ಕಡಿಮೆ ಇಟ್ಟು ಲಾಭವನ್ನೂ ನೋಡಬೇಕೆನ್ನುವ ಸಂಸ್ಥೆಗೆ ಖರ್ಚು ತಗ್ಗಿಸಲು ಸಿಗುವ ಮೊದಲ ಜಾಗ ಈ ಕಚ್ಚಾ ಸಾಮಗ್ರಿಯೇ. ಸರ್ಕಾರಿ ಸಂಸ್ಥೆಗಳ ರೋಗ ಇನ್ನೊಂದು ಬಗೆಯದು. ಯಂತ್ರ ಬರುತ್ತದೆ, ಕೆಟ್ಟರೆ ರಿಪೇರಿಗೆ ಹಣ ಬರುವುದಿಲ್ಲ. ಬೋಧಕರು ನಿವೃತ್ತರಾಗುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ. ಬಡ ದೇಶಗಳೆಲ್ಲ ಎದುರಿಸಿದ ಸಂಕಟ ಇದು. ವೃತ್ತಿಪರ ಶಾಲೆಗಳಿಗೆ ದಶಕಗಳ ಕಾಲ ಸಾಲ ಕೊಟ್ಟ ವಿಶ್ವಬ್ಯಾಂಕು ಕೂಡ 1991ರ ಹೊತ್ತಿಗೆ ತನ್ನ ನೀತಿ ಬದಲಿಸಿ, ಮೂಲ ಶಿಕ್ಷಣವನ್ನು ಗಟ್ಟಿಗೊಳಿಸಿ ಕಸುಬಿನ ತರಬೇತಿಯನ್ನು ಆದಷ್ಟು ಉದ್ಯಮಗಳ ಹತ್ತಿರಕ್ಕೆ ಒಯ್ಯಿರಿ ಎಂದು ಹೇಳತೊಡಗಿತು.

ಹಾಗಾದರೆ ಕಂಪನಿಗಳೇ ಏಕೆ ಕಲಿಸಬಾರದು ಎಂದು ನೀವು ಕೇಳಬಹುದು. ಮಾನವ ಬಂಡವಾಳದ ಬಗ್ಗೆ 1964ರಲ್ಲಿ ಬರೆದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ನಿಲ್ಲುತ್ತದೆ. ಎಲ್ಲ ಕಾರ್ಖಾನೆಗಳಲ್ಲೂ ಬಳಕೆಗೆ ಬರುವ ಕೌಶಲವನ್ನು ಒಬ್ಬ ಮಾಲೀಕ ಹಣ ಹಾಕಿ ಕಲಿಸಿದರೆ, ಪಕ್ಕದ ಕಾರ್ಖಾನೆ ಸ್ವಲ್ಪ ಹೆಚ್ಚು ಸಂಬಳ ಕೊಟ್ಟು ಆ ಕೆಲಸಗಾರನನ್ನು ಕರೆದುಕೊಂಡು ಹೋಗುತ್ತದೆ. ಆದ್ದರಿಂದ ಮಾಲೀಕ ತನ್ನ ಒಂದು ಲೈನಿಗೆ ಮಾತ್ರ ಬೇಕಾದದ್ದನ್ನು ಕಲಿಸುತ್ತಾನೆ, ಎಲ್ಲೆಡೆ ಬೆಲೆ ಬಾಳುವುದನ್ನು ಕಲಿಸಲು ಹಿಂಜರಿಯುತ್ತಾನೆ. ಜರ್ಮನಿಯಲ್ಲಿ ವಾರದ ಕೆಲವು ದಿನ ಶಾಲೆ, ಉಳಿದ ದಿನ ಕಾರ್ಖಾನೆ ಎಂಬ ಪದ್ಧತಿ ನಿಂತಿರುವುದು ಅಲ್ಲಿ ಬಹಳಷ್ಟು ಕಂಪನಿಗಳು ಒಟ್ಟಾಗಿ ಕಲಿಸುವ ಹೊಣೆ ಹೊತ್ತಿರುವುದರಿಂದ. ನಮ್ಮಲ್ಲಿ ಆ ಕೆಲಸಕ್ಕೆಂದೇ, ಅಂದರೆ ಶಿಷ್ಯವೇತನ ಪಡೆಯುತ್ತಾ ಕಾರ್ಖಾನೆಯಲ್ಲೇ ಕಲಿಯುವ ಅಪ್ರೆಂಟಿಸರಿಗೆಂದೇ, 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಈ ಕಾಯ್ದೆಯ ವಿಷಯ ತಿಳಿದವರೇ ಕಡಿಮೆ ಎಂಬುದು ನನ್ನ ದೊಡ್ಡ ಕೊರಗು.

ಇನ್ನು ನರಸಾಪುರದ ಬಸ್ಸು. ಅದನ್ನು ನಾನು ಕಡೆಗಣಿಸಲಾರೆ. ಹೋಂಡಾ ಬೈಕ್ ಕಾರ್ಖಾನೆ, ಟಾಟಾ ಎಲೆಕ್ಟ್ರಾನಿಕ್ಸ್ 2023ರಲ್ಲಿ ವಿಸ್ಟ್ರಾನಿನಿಂದ ಕೊಂಡ ಐಫೋನ್ ಘಟಕ, ಅವುಗಳ ಸುತ್ತ ಬೆಳೆದ ಸಣ್ಣಪುಟ್ಟ ಕಾರ್ಖಾನೆಗಳು ಈ ಭಾಗದ ಎಷ್ಟೋ ಮನೆಗಳಿಗೆ ಮೊದಲ ಬಾರಿ ತಿಂಗಳ ಸಂಬಳ ತಂದಿವೆ. ತನ್ನ ಹೆಸರಿನ ಬ್ಯಾಂಕ್ ಖಾತೆಗೆ ದುಡ್ಡು ಬೀಳುವುದು ಒಬ್ಬ ಹೆಣ್ಣುಮಗಳಿಗೆ ಕೊಡುವ ನೆಮ್ಮದಿ ಸಣ್ಣದಲ್ಲ. ಆದರೆ ಅಸೆಂಬ್ಲಿ ಲೈನಿನ ಆಪರೇಟರ್ ಕೆಲಸವನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಕೆಲವೇ ದಿನಗಳಲ್ಲಿ ಕಲಿಯಬಹುದಾದ ಕೆಲಸಕ್ಕೆ ಬದಲಿ ಆಳು ಕೂಡ ಅಷ್ಟೇ ಬೇಗ ಸಿಗುತ್ತಾರೆ. ಕಂಟ್ರಾಕ್ಟರ್ ಮೂಲಕ ಸೇರಿದವರ ಕೈಯಲ್ಲಿ, ಆರ್ಡರ್ ಕಡಿಮೆಯಾಗಿ ಹೊರಬಿದ್ದ ದಿನ, ತಾನು ಏನು ಬಲ್ಲೆ ಎಂದು ತೋರಿಸುವ ಒಂದು ಕಾಗದವೂ ಇರುವುದಿಲ್ಲ.

ಉಗಾಂಡಾದಲ್ಲಿ ನಡೆಸಿದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿ ನೋಡಿದೆ. ಕೆಲವು ಯುವಕ ಯುವತಿಯರಿಗೆ ತರಬೇತಿ ಸಂಸ್ಥೆಯಲ್ಲಿ ಕಸುಬು ಕಲಿಸಿ ಪ್ರಮಾಣಪತ್ರ ಕೊಟ್ಟರು. ಇನ್ನು ಕೆಲವರನ್ನು ನೇರವಾಗಿ ಕೆಲಸದ ಜಾಗದಲ್ಲೇ ಕಲಿಯಲು ಬಿಟ್ಟರು. ಮೊದಮೊದಲು ಕೆಲಸದ ಜಾಗದಲ್ಲಿ ಕಲಿತವರೇ ಬೇಗ ಸಂಪಾದನೆಗೆ ನಿಂತರು. ವರ್ಷಗಳು ಕಳೆದಂತೆ ಅವರ ಆ ಲಾಭ ಕರಗಿತು, ಪ್ರಮಾಣಪತ್ರ ಇದ್ದವರು ಒಂದು ಕೆಲಸ ಹೋದರೂ ಇನ್ನೊಂದನ್ನು ಬೇಗ ಹಿಡಿದು ಮುಂದೆ ಸಾಗಿದರು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹತ್ತಿರದ ಸಾಕ್ಷಿ ಕೆಜಿಎಫ್. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದಾಗ, ಭೂಮಿಯ ಆಳದಲ್ಲಿ ಜೀವ ಒತ್ತೆಯಿಟ್ಟು ಕಲಿತ ಗಣಿ ಕೆಲಸಕ್ಕೆ ಗಣಿಯ ಹೊರಗೆ ಬೆಲೆಯಿರಲಿಲ್ಲ. ಅಲ್ಲಿನ ಮನೆಗಳ ಎಷ್ಟೋ ಜನ ಇಂದಿಗೂ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಆದರೆ ಐಟಿಐ ಪರವಾಗಿ ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹನ್ನೊಂದು ದೇಶಗಳ, ಬಹುಪಾಲು ಶ್ರೀಮಂತ ದೇಶಗಳ, ಮಾಹಿತಿಯನ್ನು ಜೋಡಿಸಿ ಎರಿಕ್ ಹನುಷೆಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಸುಬು ಕಲಿತವರಿಗೆ ಹರೆಯದಲ್ಲಿ ಕೆಲಸ ಬೇಗ ಸಿಗುತ್ತದೆ, ಆದರೆ ವಯಸ್ಸಾದಂತೆ ತಂತ್ರಜ್ಞಾನ ಬದಲಾದಾಗ ಸಾಮಾನ್ಯ ಶಿಕ್ಷಣ ಪಡೆದವರಿಗಿಂತ ಹಿಂದೆ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಕಂಡುಬಂತು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯನ್ನು ನೆನೆಯಿರಿ. ಒಂದು ಕಾಲದಲ್ಲಿ ಅಲ್ಲಿ ಕೆಲಸ ಸಿಕ್ಕರೆ ಬದುಕು ನೆಲೆಗೊಂಡಂತೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2016ರಲ್ಲಿ; ತುಮಕೂರಿನ ಆ ಜಾಗ ಆಮೇಲೆ ಇಸ್ರೊ ಪಾಲಾಯಿತು. ಆದ್ದರಿಂದ ಕಸುಬಿನ ಜೊತೆಗೆ ಗಣಿತ, ನಕ್ಷೆ ಓದುವುದು, ಇಂಗ್ಲಿಷ್ ಕೈಪಿಡಿಯನ್ನು ಬಿಡಿಸಿ ಓದುವಷ್ಟು ಭಾಷೆ, ಇವು ಗಟ್ಟಿಯಾಗಿರಬೇಕು. ಚಾಕಿ ಹಂತದಲ್ಲಿ, ಅಂದರೆ ಮರಿಯಾಗಿರುವಾಗಲೇ, ರೇಷ್ಮೆ ಹುಳು ಸೊರಗಿದರೆ ಮುಂದೆ ಎಷ್ಟು ಸೊಪ್ಪು ಹಾಕಿದರೂ ಗೂಡು ಹಗುರವೇ ಆಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಮಗಳ ವಿಷಯ. ಅವಳ ಗಣಿತ ಮತ್ತು ವಿಜ್ಞಾನದ ಅಂಕಗಳನ್ನು ನೀವು ಬರೆದಿಲ್ಲ, ನನ್ನ ಸಲಹೆ ಅವುಗಳ ಮೇಲೆ ನಿಂತಿದೆ. ಅವೆರಡರಲ್ಲಿ ಅವಳು ಗಟ್ಟಿಯಾಗಿದ್ದರೆ, ಐಟಿಐಗೆ ಅರ್ಜಿ ಹಾಕುವಾಗಲೇ ಸರ್ಕಾರಿ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೂ ಹಾಕಿಸಿ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ನಿಮ್ಮ ಷಡ್ಡಕರ ಆಸೆಯೂ ಆ ದಾರಿಯಲ್ಲಿ ಮುಚ್ಚಿಹೋಗುವುದಿಲ್ಲ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಆರಂಭವಾದ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಉಪಕರಣ ಮತ್ತು ಅಚ್ಚು ತಯಾರಿಕೆಯ, ಡಿಪ್ಲೊಮಾವನ್ನೂ ವಿಚಾರಿಸಿ. ಅದು ಮೂರು ವರ್ಷ ಪಾಠ, ಒಂದು ವರ್ಷ ಕಾರ್ಖಾನೆಯೊಳಗಿನ ತರಬೇತಿ. ಕಲಿಸುವುದು ಕಟ್ಟುನಿಟ್ಟು, ಆದರೆ ಕಲಿತವರಿಗೆ ಬೆಲೆಯಿದೆ. ಡಿಪ್ಲೊಮಾದ ಅಪಾಯವೆಂದರೆ ಮೊದಲ ವರ್ಷದ ಗಣಿತ. ಅಲ್ಲಿ ಎಡವಿ ನಡುವೆ ಬಿಟ್ಟವರ ಕೈಗೆ ಏನೂ ಉಳಿಯುವುದಿಲ್ಲ.

ಗಣಿತ ಸಾಧಾರಣವಾಗಿದ್ದು ಕೈಕೆಲಸದಲ್ಲಿ ನಿಜವಾದ ಆಸಕ್ತಿ ಇದ್ದರೆ, ಅವಳ ಹಟವೇ ಸರಿ. ಒಳ್ಳೆಯ ಐಟಿಐಯಲ್ಲಿ ಎರಡು ವರ್ಷ, ಆಮೇಲೆ ಅಪ್ರೆಂಟಿಸ್ ತರಬೇತಿ, ಬೇಕೆನಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ (ಲ್ಯಾಟರಲ್) ಪ್ರವೇಶ. ಈ ಏಣಿಯ ಮೊದಲ ಮೆಟ್ಟಿಲು ಗಟ್ಟಿಯಾಗಿದೆಯೇ ಎಂದು ನೋಡಲು ಜಾಹೀರಾತು, ಫಲಕ, ಉದ್ಯೋಗ ಗ್ಯಾರಂಟಿ ಎಂಬ ಮಾತು ಯಾವುದೂ ಬೇಡ. ಪ್ರವೇಶಕ್ಕೆ ಮುಂಚೆ, ತರಬೇತಿ ನಡೆಯುವ ಒಂದು ಮಾಮೂಲಿ ದಿನ ಮಗಳನ್ನೂ ಕರೆದುಕೊಂಡು ವರ್ಕ್‌ಶಾಪಿನೊಳಗೆ ಹೋಗಿ. ಒಳಗೆ ಬಿಡದಿದ್ದರೆ ಅದೇ ಉತ್ತರ. ಲೇತ್ ಯಂತ್ರದ ಕೆಳಗಿನ ತಟ್ಟೆಯಲ್ಲಿ ಕಬ್ಬಿಣದ ಸುರುಳಿ ಬಿದ್ದಿದೆಯೋ, ಧೂಳು ಕೂತಿದೆಯೋ ನೋಡಿ. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸಾಲ್ಡರಿಂಗ್ ಕಡ್ಡಿಗಳ ತುದಿ ಬಳಸಿ ಕಪ್ಪಾಗಿವೆಯೋ, ಹೊಸದಾಗಿ ಪ್ಯಾಕಿನಲ್ಲೇ ಇವೆಯೋ ಗಮನಿಸಿ. ವಿದ್ಯಾರ್ಥಿಯೊಬ್ಬರು ಮಾಡಿದ ಬೋರ್ಡು ತೋರಿಸಲು ಕೇಳಿ: ಬಿಸಿ ಕಡ್ಡಿಯನ್ನು ತಾಮ್ರದ ಬಿಲ್ಲೆಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ ಬೆಸೆದಿದ್ದರೆ ಸೀಸ ಕಾಲಿನ ಸುತ್ತ ಹರಡಿ ಹತ್ತಿಕೊಂಡಿರುತ್ತದೆ; ಅವಸರದಲ್ಲಿ ಸುರಿದಿದ್ದರೆ ಗುಂಡಗೆ, ಮಂಕಾಗಿ ಕೂತಿರುತ್ತದೆ, ಅಂಥ ಬೆಸುಗೆ ಮೇಜಿನ ಮೇಲೆ ಕೆಲಸ ಮಾಡಿದರೂ ಅಲುಗಾಡಿದರೆ ಕೈಕೊಡುತ್ತದೆ. ಆ ಟ್ರೇಡಿಗೆ, ಅಂದರೆ ಅವಳು ಕಲಿಯಬೇಕೆಂದಿರುವ ಕಸುಬಿಗೆ, ಕಾಯಂ ಬೋಧಕರಿದ್ದಾರೆಯೇ, ಹಿಂದಿನ ಬ್ಯಾಚಿನವರು ಯಾವ ಕಂಪನಿಗೆ ಅಪ್ರೆಂಟಿಸ್ ಆಗಿ ಹೋದರು ಎಂಬುದನ್ನು ಹೆಸರು ಹಿಡಿದು ಕೇಳಿ. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ನೀವು ನೋಡುವ ಸಂಸ್ಥೆ ಆ ಪಟ್ಟಿಯಲ್ಲಿದ್ದರೆ, ಆ ಹೊಸ ಯಂತ್ರಗಳನ್ನು ಮಕ್ಕಳಿಂದ ಓಡಿಸುತ್ತಿದ್ದಾರೆಯೇ ಎಂಬುದನ್ನು ಕಣ್ಣಾರೆ ನೋಡಿಯೇ ಬನ್ನಿ.

ಪಿಯುಸಿ ವಿಜ್ಞಾನ ಅವಳಿಗೆ ಇಷ್ಟವಿದ್ದರೆ ಮಾತ್ರ. ಇಷ್ಟವಿಲ್ಲದ ಮಗುವನ್ನು ಸಾಲ ಮಾಡಿ ಟ್ಯೂಷನ್ನಿಗೆ ಹಾಕಿ ತಳ್ಳುವುದರಲ್ಲಿ ಸಾಲವೂ ಉಳಿಯುತ್ತದೆ, ಬೇಸರವೂ ಉಳಿಯುತ್ತದೆ. ಹದಿನೆಂಟು ತುಂಬುವವರೆಗೆ ಯಾವುದೋ ಕಾಲೇಜು ಎಂಬ ಊರಿನವರ ಸಲಹೆ ನನಗೆ ಎಲ್ಲಕ್ಕಿಂತ ಕಡಿಮೆ ಒಪ್ಪಿಗೆ. ಅದೇ ಎರಡು ವರ್ಷವನ್ನು ವರ್ಕ್‌ಶಾಪಿನಲ್ಲಿ ಕಳೆದರೆ, ಹದಿನೆಂಟಕ್ಕೆ ಅದೇ ನರಸಾಪುರಕ್ಕೆ ಹೋದರೂ ಲೈನಿನಲ್ಲಿ ಸ್ಕ್ರೂ ಬಿಗಿಯುವ ಬದಲು ಕೆಟ್ಟ ಯಂತ್ರವನ್ನು ಸರಿಮಾಡುವ ಮೇಂಟೆನೆನ್ಸ್ ವಿಭಾಗದ ಬಾಗಿಲು ತಟ್ಟಲು ಅವಳಿಗೆ ಹಕ್ಕಿರುತ್ತದೆ. ಹೆಣ್ಣುಮಕ್ಕಳನ್ನು ಆ ವಿಭಾಗಕ್ಕೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡುವ ಮೇಲ್ವಿಚಾರಕರು ಇನ್ನೂ ಇದ್ದಾರೆ, ಇದನ್ನು ಮುಚ್ಚಿಡಲಾರೆ. ಆದರೆ ಮಲ್ಟಿಮೀಟರ್ ಹಿಡಿದು ದೋಷ ಹುಡುಕಿ ತೋರಿಸಿದ ಹುಡುಗಿಯನ್ನು ವಾಪಸ್ ಲೈನಿಗೆ ಕಳಿಸುವುದು ಅವರಿಗೂ ಸುಲಭವಲ್ಲ. ಓಡಾಟದ ಖರ್ಚಿನ ಚಿಂತೆ ಬೇಡ, 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಸಂಜೆ ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಮೊದಲೇ ತಿಳಿದುಕೊಳ್ಳಿ.

ನೀವು ಮಗನ ಬಗ್ಗೆ ಪ್ರಶ್ನೆ ಕೇಳಿಲ್ಲ, ಆದರೂ ಹೇಳದೆ ಮುಗಿಸಲಾರೆ. ಐಟಿಐ ಮುಗಿಸಿ ಅವನು ಪಡೆದ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸತ್ತಿಲ್ಲ. ಅಪ್ರೆಂಟಿಸ್ ಕಾಯ್ದೆಯಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ, ಕಂಪನಿಗಳು ಮಾತ್ರ ತಮ್ಮದೇ ಮಿತಿ ಇಟ್ಟುಕೊಳ್ಳುತ್ತವೆ, ಆದ್ದರಿಂದ ತಡ ಮಾಡಬಾರದು. ಅಪ್ರೆಂಟಿಸ್ ಪೋರ್ಟಲಿನಲ್ಲಿ ಅವನ ಹೆಸರು ನೋಂದಾಯಿಸಿ. ಕೆಜಿಎಫ್‌ನಲ್ಲಿ 1964ರಿಂದ ಇರುವ ಭಾರಿ ಯಂತ್ರಗಳ ಕಾರ್ಖಾನೆ ಬೆಮೆಲ್, ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್, ರೈಲ್ವೆ ಇವುಗಳ ಅಪ್ರೆಂಟಿಸ್ ಪ್ರಕಟಣೆಗಳನ್ನು ತಪ್ಪದೆ ನೋಡುತ್ತಿರಲಿ. ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರವನ್ನು ಸಾರ್ವಜನಿಕ ಉದ್ಯಮಗಳು ಐಟಿಐ ಹುದ್ದೆಗಳ ನೇಮಕಾತಿಯಲ್ಲಿ ಹಲವು ಬಾರಿ ಕಡ್ಡಾಯವಾಗಿ ಕೇಳುತ್ತವೆ. ಇಲ್ಲಿ ನಷ್ಟವೂ ಇದೆ, ಅದನ್ನು ತಿಳಿದೇ ಹೊರಡಬೇಕು. 2019ರ ತಿದ್ದುಪಡಿಯಲ್ಲಿ ಕನಿಷ್ಠ ಶಿಷ್ಯವೇತನ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿಯಾಯಿತು. ಕೆಲವು ಕಂಪನಿಗಳು ಹೆಚ್ಚು ಕೊಟ್ಟರೂ, ಪಾರ್ಸೆಲ್ ಹಂಚಿ ಅವನು ಈಗ ದುಡಿಯುವುದಕ್ಕಿಂತ ಅದು ಕಡಿಮೆಯೇ ಇರಬಹುದು, ಬೆಂಗಳೂರಿನ ಬಾಡಿಗೆಗೆ ಸಾಲದೆಯೂ ಹೋಗಬಹುದು. ಆ ಒಂದು ವರ್ಷ ಅವನು ಊರಲ್ಲೇ ಇದ್ದು ಕೆಜಿಎಫ್ ಅಥವಾ ಮಾಲೂರು ಕಡೆಯ ಕಾರ್ಖಾನೆಗೆ ಹೋಗಿಬರಲು ಸಾಧ್ಯವೇ, ಅವನು ಕಳಿಸುವ ಹಣವಿಲ್ಲದೆ ಮನೆ ನಡೆಯುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿ. ಆಗುತ್ತದೆ ಎಂದಾದರೆ ಅವನು ಅರ್ಜಿ ಹಾಕುವ ಮುಂಚೆ ಒಂದು ಸೆಕೆಂಡ್ ಹ್ಯಾಂಡ್ ವರ್ನಿಯರ್ ಕೊಂಡುಕೊಡಿ, ಮನೆಯಲ್ಲಿರುವ ಪಂಪಿನ ಬೋಲ್ಟು, ಪೈಪು ಎಲ್ಲವನ್ನೂ ದಿನಾ ಅಳೆದು ಬರೆದಿಡಲಿ.